ಕಾಲ್ದಾರಿಯ ಆಚೆ ನೆಲ ಟೊಳ್ಳು

ವೇಲ್ಸಿನ ಸ್ಕೋಮರ್ ದ್ವೀಪದಲ್ಲಿ ದಿನಕ್ಕೆ 250 ಜನರನ್ನು ಮಾತ್ರ ಇಳಿಯಲು ಬಿಡುತ್ತಾರೆ. ಬೇಸಿಗೆಯಲ್ಲಿ ಬೆಂಗಳೂರಿನಿಂದ ಬರುವ ನಮ್ಮ ನೆಂಟರಿಗೆ ಇದೇ ದೊಡ್ಡ ತಕರಾರು. ಕಾರ್ಡಿಫ್‌ನಲ್ಲಿರುವ ನನಗೂ ಟಿಕೆಟ್ ಹೊಂದಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಆದರೂ ಆ ಸಂಖ್ಯೆ ಒಂದೂ ಹೆಚ್ಚಬಾರದು ಎನ್ನುವವಳು ನಾನು.

ಎಲ್ಲರೂ ಹೋಗುವುದು ಪಫಿನ್ ನೋಡಲು. ಬಣ್ಣದ ಕೊಕ್ಕಿನ ಆ ಪುಟ್ಟ ಹಕ್ಕಿ ನೆಲದಲ್ಲಿ ಬಿಲ ಮಾಡಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಸ್ಕೋಮರಿನ ನಿಜವಾದ ಒಡೆಯರು ಮಾತ್ರ ಹಗಲಲ್ಲಿ ಕಣ್ಣಿಗೇ ಬೀಳುವುದಿಲ್ಲ. ಮ್ಯಾಂಕ್ಸ್ ಶಿಯರ್‌ವಾಟರ್ ಎಂಬ ಕಡಲಹಕ್ಕಿಯ ಸುಮಾರು 3.5 ಲಕ್ಷ ಜೋಡಿಗಳು ಇಲ್ಲಿ ಮರಿ ಮಾಡುತ್ತವೆ. ತಮ್ಮನ್ನು ಬೇಟೆಯಾಡುವ ಗಲ್ ಎಂಬ ಕಡಲಹಕ್ಕಿಗಳಿಗೆ ಹೆದರಿ ಕತ್ತಲಾದ ಮೇಲೆ ಬಿಲಕ್ಕೆ ಬರುತ್ತವೆ. ‘ಫೋಟೋಗೆ ಎರಡು ಹೆಜ್ಜೆ ಹುಲ್ಲಿನ ಮೇಲೆ ಹೋದರೆ ಏನಮ್ಮಾ ಆಗತ್ತೆ?’ ಎಂದು ಚಿಕ್ಕಪ್ಪ ಕೇಳಿದ್ದರು. ಆ ಹುಲ್ಲಿನಡಿಯೆಲ್ಲ ಬಿಲಗಳೇ. ಕಾಲಿಟ್ಟರೆ ಬಿಲ ಕುಸಿಯುತ್ತದೆ ಚಿಕ್ಕಪ್ಪ, ಒಳಗಿರುವ ಮೊಟ್ಟೆಯೋ ಮರಿಯೋ ಅಲ್ಲೇ ಹೂತುಹೋಗುತ್ತದೆ.

ಕಾಲ್ದಾರಿಯಲ್ಲೇ ನಿಂತೂ ತೊಂದರೆ ಕೊಡಬಹುದು. ‘ವಿಕ್’ ಎಂಬಲ್ಲಿ ಪಫಿನ್‌ಗಳು ಬಾಯ್ತುಂಬ ಮೀನು ಕಚ್ಚಿಕೊಂಡು ನಮ್ಮ ಕಾಲ ಬಳಿಯೇ ದಾರಿ ದಾಟುತ್ತವೆ. ಮೊಬೈಲ್ ಹಿಡಿದ ಗುಂಪು ಬಿಲಕ್ಕೆ ಅಡ್ಡವಾಯಿತೋ, ಹಕ್ಕಿ ಹೊರಗೇ ತಡವರಿಸುತ್ತದೆ. ಮೀನು ಕಸಿಯಲು ಕಾದಿರುವ ಗಲ್‌ಗೆ ಅಷ್ಟು ಸಾಕು.

ಎಲ್ಲಕ್ಕಿಂತ ಭಯ ಇಲಿಯದು. ಸ್ಕೋಮರಿನಲ್ಲಿ ಹೆಗ್ಗಣಗಳಿಲ್ಲ, ಬಿಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳು ಇಷ್ಟೊಂದು ಉಳಿದಿರುವುದಕ್ಕೆ ಅದೇ ದೊಡ್ಡ ಕಾರಣ. ದಕ್ಷಿಣದ ಲಂಡಿ ದ್ವೀಪದಲ್ಲಿ ಅವು ಇದ್ದವು, ಪಫಿನ್‌ಗಳು ಬೆರಳೆಣಿಕೆಗೆ ಇಳಿದಿದ್ದವು. ವಿಷವಿಟ್ಟು ಇಲಿಗಳನ್ನು ಪೂರಾ ತೆಗೆದು, 2006ರಲ್ಲಿ ಇಲಿಮುಕ್ತ ಎಂದು ಸಾರಿದ ಮೇಲೆ ಹಕ್ಕಿಗಳು ಮತ್ತೆ ಸಾವಿರ ದಾಟಿವೆ. ಹೀಗಿರುವಾಗ ದೋಣಿ ಹತ್ತುವ ಮುಂಚೆ ಚೀಲದಲ್ಲಿ ಇಲಿ ಅಡಗಿಲ್ಲವೇ ನೋಡಿಕೊಳ್ಳಿ ಎಂದರೆ ಮುಖ ಸಿಂಡರಿಸುವವರನ್ನು ಕಂಡು ನನಗೆ ಸಿಟ್ಟೇ ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಬೆಲ್ಟು ಬಿಚ್ಚುವಾಗ ಇಲ್ಲದ ಅವಮಾನ ಇಲ್ಲಿ ಯಾಕೆ?

ಟಿಕೆಟ್ ಸಿಗದಿದ್ದರೆ ದ್ವೀಪ ಸುತ್ತಿಸುವ ದೋಣಿಗಳಿವೆ, ನೀರಿನ ಮೇಲೆ ತೇಲುವ ಪಫಿನ್‌ಗಳು ಅಲ್ಲಿಂದಲೂ ಕಾಣುತ್ತವೆ. ಸಿಕ್ಕಿತೋ, ಹಿಂದಿನ ರಾತ್ರಿಯೇ ಚೀಲ ಬರಿದು ಮಾಡಿ ಕೊಡವಿ, ಬೂಟಿನ ಅಡಿ ಉಜ್ಜಿ ತೊಳೆದುಕೊಂಡು ಬನ್ನಿ. ಡ್ರೋನ್ ಮನೆಯಲ್ಲೇ ಇರಲಿ.