ಮೋಸಗಾರನೊಂದಿಗೆ ಆಟವೇಕೆ?

ಹೆಸರು ಮನುಷ್ಯನ ಸೊತ್ತು. ಒಂದು ಅಂಗಡಿಯ, ಒಂದು ಶಾಲೆಯ, ಒಂದು ಟ್ರಸ್ಟಿನ ಹೆಸರು ವರ್ಷಗಳ ಪ್ರಾಮಾಣಿಕ ದುಡಿಮೆಯಿಂದ ಬೆಳೆದಿರುತ್ತದೆ. ಇಂದು ಆ ಹೆಸರಿಗೆ ಅಂತರ್ಜಾಲದಲ್ಲಿಯೂ ಒಂದು ವಿಳಾಸವಿದೆ. ಅದೇ ಡೊಮೇನ್ ಹೆಸರು. ಇಂಡಿಯ ಲಿಂಬೆ ವ್ಯಾಪಾರವಿರಲಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಶಿಕ್ಷಣ ಸಂಸ್ಥೆಗಳಿರಲಿ, ಇಂತಹ ವಿಳಾಸವನ್ನು ಹೊಂದುವುದು ಈಗ ದೊಡ್ಡ ಸಂಗತಿಯಲ್ಲ. ಆದರೆ ವಿಳಾಸವಿದ್ದಲ್ಲಿಗೆ ಅತಿಥಿಯೂ ಬರುತ್ತಾನೆ, ಕಳ್ಳನೂ ಬರುತ್ತಾನೆ. ಡೊಮೇನ್ ಹೆಸರಿನ ನೆಪದಲ್ಲಿ ಇಮೇಲ್ ಬರೆಯುವ ವಂಚಕರು ಹಲವು ವರ್ಷಗಳಿಂದ ಲೋಕದ ಎಲ್ಲೆಡೆ ಬಲೆ ಬೀಸುತ್ತಿದ್ದಾರೆ. ಅವರ ಬಲೆಗೆ ಬೀಳಬಾರದೆಂಬುದರಲ್ಲಿ ಎರಡು ಮಾತಿಲ್ಲ. ನಾವಿಲ್ಲಿ ಕೇಳಬಯಸುವ ಪ್ರಶ್ನೆ ಬೇರೆ. ವಂಚಕನೆಂದು ತಿಳಿದ ಮೇಲೆಯೂ ಅವನಿಗೆ ಉತ್ತರಿಸುತ್ತ, ನಂಬಿದಂತೆ ನಟಿಸುತ್ತ, ಅವನನ್ನು ಆಟವಾಡಿಸುವುದು ನಮಗೆ ತಕ್ಕುದೇ?

ಮೊದಲು ವಂಚನೆಯ ಕ್ರಮವನ್ನು ಅರಿಯೋಣ. ಪತ್ರ ಇಂಗ್ಲಿಷಿನಲ್ಲಿರುತ್ತದೆ. ಬರೆದವನು ತಾನು ಚೀನಾದ ಡೊಮೇನ್ ನೋಂದಣಿ ಸಂಸ್ಥೆಯವನೆಂದು ಹೇಳಿಕೊಳ್ಳುತ್ತಾನೆ. ಯಾವುದೋ ಒಂದು ಕಂಪನಿಯು ನಿಮ್ಮ ಸಂಸ್ಥೆಯ ಹೆಸರನ್ನೇ ‘ಡಾಟ್ ಸಿಎನ್’, ‘ಡಾಟ್ ಏಷ್ಯಾ’ ಮುಂತಾದ ಕೊನೆಗಳೊಂದಿಗೆ ನೋಂದಾಯಿಸಲು ಅರ್ಜಿ ಸಲ್ಲಿಸಿದೆ, ಪರಿಶೀಲನೆಯ ವೇಳೆ ಅದು ನಿಮ್ಮ ಹೆಸರೆಂದು ತಿಳಿಯಿತು, ಆ ಕಂಪನಿ ನಿಮ್ಮ ಪಾಲುದಾರನೇ ಎಂದು ವಿನಯದಿಂದ ವಿಚಾರಿಸುತ್ತಾನೆ. ಅಲ್ಲವೆಂದು ಉತ್ತರಿಸಿದರೆ ಎರಡನೆಯ ಅಂಕ ಆರಂಭವಾಗುತ್ತದೆ. ‘ಆ ಕಂಪನಿ’ಯ ಹೆಸರಿನಲ್ಲಿ ಇನ್ನೊಂದು ಪತ್ರ ಬಂದು, ತಾವು ಹಿಂಜರಿಯುವುದಿಲ್ಲವೆಂದು ಹೇಳುತ್ತದೆ. ಆಗ ಮೊದಲಿನವನು ಹಿತೈಷಿಯಂತೆ ಮುಂದೆ ಬಂದು, ನಿಮಗೇ ಆದ್ಯತೆ ಕೊಡುತ್ತೇವೆ, ಈ ಎಲ್ಲ ಹೆಸರುಗಳನ್ನೂ ಹಲವು ವರ್ಷಗಳಿಗೆ ನೀವೇ ಕೊಂಡುಬಿಡಿ ಎನ್ನುತ್ತಾನೆ. ಬೆಲೆ ಮಾರುಕಟ್ಟೆಯ ದರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅರ್ಜಿ ಸಲ್ಲಿಸಿದ ಕಂಪನಿ ಮಾತ್ರ ಎಲ್ಲಿಯೂ ಇಲ್ಲ. ಎರಡು ಪಾತ್ರಗಳನ್ನೂ ಆಡಿಸುವ ಕೈ ಒಂದೇ.

ಈ ನಾಟಕದ ಸುಳ್ಳು ಅದರ ಬುಡದಲ್ಲಿಯೇ ಇದೆ. ಡೊಮೇನ್ ನೋಂದಣಿಯಲ್ಲಿ ಮೊದಲು ಬಂದವರಿಗೆ ಮೊದಲ ಆದ್ಯತೆ ಎಂಬುದು ಸಾಮಾನ್ಯ ನಿಯಮ. ಒಬ್ಬನ ಅರ್ಜಿ ಬಂದಾಗ ಲೋಕದ ಇತರ ಸಂಸ್ಥೆಗಳಿಗೆಲ್ಲ ಪತ್ರ ಬರೆದು ಒಪ್ಪಿಗೆ ಕೇಳುವ ಪದ್ಧತಿ ನೋಂದಣಿ ಸಂಸ್ಥೆಗಳಿಗಿಲ್ಲ. ಹೆಸರನ್ನು ದುರುದ್ದೇಶದಿಂದ ಕಸಿದುಕೊಂಡರೆ ಪರಿಹಾರವೂ ಇದೆ. ಜಾಗತಿಕ ಮಟ್ಟದಲ್ಲಿ 1999ರಿಂದ ವಿವಾದ ಇತ್ಯರ್ಥದ ನೀತಿಯೊಂದು ಜಾರಿಯಲ್ಲಿದೆ. ನಮ್ಮ ‘ಡಾಟ್ ಇನ್’ ಹೆಸರುಗಳಿಗೂ ಪ್ರತ್ಯೇಕ ನೀತಿಯಿದೆ. ಸತ್ಯಂ ಇನ್ಫೋವೇ ಪ್ರಕರಣದಲ್ಲಿ 2004ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು, ವ್ಯಾಪಾರದ ಹೆಸರಿಗಿರುವ ರಕ್ಷಣೆ ಡೊಮೇನ್ ಹೆಸರಿಗೂ ಸಲ್ಲುತ್ತದೆಂದು ಎತ್ತಿಹಿಡಿದಿದೆ. ಆದ್ದರಿಂದ, ಇಂದೇ ಹಣ ಕಟ್ಟದಿದ್ದರೆ ಹೆಸರು ಕೈತಪ್ಪುತ್ತದೆಂಬ ಭಯಕ್ಕೆ ಆಧಾರವಿಲ್ಲ. ಭಯವೇ ವಂಚಕನ ಏಕೈಕ ಸರಕು.

ಇನ್ನು ಆಟದ ವಿಷಯ. ಸಿಂದಗಿಯ ಕಡೆಯ ನಮ್ಮ ಪರಿಚಿತ ಯುವಕನೊಬ್ಬ ಒಂದು ಸಂಸ್ಥೆಯ ವೆಬ್‌ಸೈಟನ್ನು ನೋಡಿಕೊಳ್ಳುತ್ತಾನೆ. ಇಂತಹ ಪತ್ರ ಬಂದಾಗ ಅವನಿಗೆ ಮೋಸ ಕೂಡಲೇ ಹೊಳೆಯಿತು. ಆದರೂ ಅವನು ಉತ್ತರ ಬರೆದ. “ಆ ಕಂಪನಿ ನಮ್ಮ ಸೋದರಮಾವನದೇ. ದಯವಿಟ್ಟು ಬೇಗ ನೋಂದಾಯಿಸಿಕೊಡಿ” ಎಂದ. ಅರ್ಜಿದಾರನಿಗೆ ಒಪ್ಪಿಗೆ ದೊರೆತ ಮೇಲೆ ನಿಜವಾದ ನೋಂದಣಿ ಸಂಸ್ಥೆಯಾಗಿದ್ದರೆ ಕೆಲಸ ಮುಗಿದಂತೆ. ಇವನಿಗೋ ಗಾಬರಿ. ಸರಿಯಾಗಿ ಯೋಚಿಸಿದ್ದೀರಾ, ಮುಂದೆ ನಿಮ್ಮ ಸಂಸ್ಥೆಗೆ ಹಾನಿಯಾದೀತು ಎಂದು ಎಚ್ಚರಿಸತೊಡಗಿದ. ಯುವಕ ಮಾವನ ಆರೋಗ್ಯ ವಿಚಾರಿಸಿದ, ಮಾವನ ಮಗನ ಮದುವೆಯ ದಿನ ಕೇಳಿದ. ಹೀಗೆ ಹನ್ನೊಂದು ದಿನ ನಡೆಯಿತು. ಪತ್ರಗಳು ಗೆಳೆಯರ ಮೊಬೈಲುಗಳಲ್ಲಿ ಹರಿದಾಡಿದವು, ಎಲ್ಲರೂ ನಕ್ಕರು. ಓದಿದಾಗ ನಮಗೂ ನಗು ಬಂತೆಂಬುದನ್ನು ಮುಚ್ಚಿಡಲಾರೆವು. ಇಲ್ಲದ ಕಂಪನಿಗೆ ಇಲ್ಲದ ಮಾವನನ್ನು ಸೃಷ್ಟಿಸಿದ್ದು ಜಾಣತನವೇ.

ಈ ಆಟ ನಮ್ಮ ಯುವಕರ ಆವಿಷ್ಕಾರವಲ್ಲ. ಬ್ರಿಟನ್ನಿನ ಹಾಸ್ಯ ಕಲಾವಿದರೊಬ್ಬರು ವಂಚಕರೊಂದಿಗಿನ ಪತ್ರವ್ಯವಹಾರವನ್ನೇ ಟೆಡ್ ವೇದಿಕೆಯ ಭಾಷಣವಾಗಿಸಿ ಲಕ್ಷಾಂತರ ಜನರನ್ನು ನಗಿಸಿದರು. ನ್ಯೂಜಿಲೆಂಡಿನ ನೆಟ್‌ಸೇಫ್ ಸಂಸ್ಥೆಯು 2017ರಲ್ಲಿ ವಂಚಕರ ಇಮೇಲುಗಳಿಗೆ ತಾನಾಗಿಯೇ ಉತ್ತರಿಸುತ್ತ ಹೋಗುವ ತಂತ್ರಾಂಶವನ್ನು ರೂಪಿಸಿತು. ಬ್ರಿಟನ್ನಿನ ಓಟೂ ದೂರವಾಣಿ ಕಂಪನಿ 2024ರಲ್ಲಿ ‘ಡೇಸಿ’ ಎಂಬ ಕೃತಕ ಬುದ್ಧಿಮತ್ತೆಯ ಅಜ್ಜಿಯನ್ನು ಸೃಷ್ಟಿಸಿ, ವಂಚಕರ ಕರೆಗಳಿಗೆ ಉತ್ತರಿಸಲು ಕೂರಿಸಿತು. ಇವರೆಲ್ಲರ ವಾದ ಒಂದೇ. ವಂಚಕನ ಒಂದು ತಾಸು ನಮ್ಮೊಂದಿಗೆ ವ್ಯರ್ಥವಾದರೆ ಆ ಒಂದು ತಾಸು ಯಾವನೋ ಅಮಾಯಕ ಉಳಿದುಕೊಳ್ಳುತ್ತಾನೆ.

ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಆ ಲೆಕ್ಕ ಯಂತ್ರಕ್ಕೆ ಒಪ್ಪುತ್ತದೆ, ಮನುಷ್ಯನಿಗಲ್ಲ. ಯಂತ್ರಕ್ಕೆ ಆಯುಷ್ಯವಿಲ್ಲ, ನಮಾಝಿನ ವೇಳೆಯಿಲ್ಲ, ದುಡಿದು ಸಾಕಬೇಕಾದ ಕುಟುಂಬವಿಲ್ಲ. ವಂಚಕನು ಒಂದೇ ಒಕ್ಕಣೆಯ ಪತ್ರವನ್ನು ಅಸಂಖ್ಯ ವಿಳಾಸಗಳಿಗೆ ಹರಿಯಬಿಡುತ್ತಾನೆ. ನಾವು ಒಂದೊಂದೂ ಉತ್ತರವನ್ನು ಕುಳಿತು ಹೆಣೆಯುತ್ತೇವೆ. ಯಾರ ಸಮಯ ಹೆಚ್ಚು ವ್ಯಯವಾಯಿತು? ಅಲ್ಲದೆ ಒಂದು ಉತ್ತರ ಕಳುಹಿಸಿದೊಡನೆ, ಈ ವಿಳಾಸ ಜೀವಂತವಾಗಿದೆ, ಇಲ್ಲಿ ಓದುವವರಿದ್ದಾರೆ ಎಂಬ ಸುದ್ದಿಯನ್ನು ನಾವೇ ಅವನಿಗೆ ಕೊಟ್ಟಂತಾಗುತ್ತದೆ. ಪತ್ರದ ಅಡಿಯಲ್ಲಿರುವ ನಮ್ಮ ಹೆಸರು, ಹುದ್ದೆ, ದೂರವಾಣಿ ಸಂಖ್ಯೆಗಳೂ ಅವನ ಕೈಸೇರುತ್ತವೆ.

ಇದಕ್ಕಿಂತ ಗಂಭೀರವಾದುದು ನಾಲಿಗೆಯ ಪ್ರಶ್ನೆ. ಸುಳ್ಳುಗಾರನಿಗೆ ಹೇಳಿದ ಸುಳ್ಳು ಸುಳ್ಳಲ್ಲವೇ? ತನಗೆ ವಿಶ್ವಾಸದ್ರೋಹ ಬಗೆದವನಿಗೂ ವಿಶ್ವಾಸದ್ರೋಹ ಬಗೆಯಬಾರದೆಂಬುದು ಪ್ರವಾದಿ(ಸ)ರ ಬೋಧನೆ. ಮಗುವನ್ನು ಕರೆಯಲು ಏನಾದರೂ ಕೊಡುವೆನೆಂದ ತಾಯಿಯೊಬ್ಬಳನ್ನು ಅವರು ಏನು ಕೊಡುವೆಯೆಂದು ವಿಚಾರಿಸಿದರು. ಖರ್ಜೂರವೆಂದು ಆಕೆ ಹೇಳಿದಾಗ, ಏನನ್ನೂ ಕೊಡದಿದ್ದರೆ ಅದು ಸುಳ್ಳೆಂದು ದಾಖಲಾಗುತ್ತಿತ್ತೆಂದು ತಿಳಿಸಿದರು. ಮಗುವಿನೊಂದಿಗಿನ ಮಾತಿಗೂ ಇಷ್ಟು ತೂಕವಿರುವಾಗ ವಿನೋದಕ್ಕಾಗಿ ಹನ್ನೊಂದು ದಿನ ಹೆಣೆದ ಮಾತುಗಳಿಗೆ ತೂಕವಿಲ್ಲವೆನ್ನುವುದು ಹೇಗೆ? ಯುದ್ಧ, ಮುನಿಸಿಕೊಂಡವರ ನಡುವೆ ಸಂಧಾನ ಮುಂತಾದ ಕೆಲವೇ ಸಂದರ್ಭಗಳಿಗೆ ವಿದ್ವಾಂಸರು ವಿನಾಯಿತಿಯನ್ನು ಕಂಡಿದ್ದಾರೆ. ಪ್ರಾಣ, ಸೊತ್ತುಗಳಿಗೆ ಒದಗಿದ ಅಪಾಯವನ್ನು ತಪ್ಪಿಸಲು ಬೇರೆ ದಾರಿಯಿಲ್ಲದಿದ್ದಾಗಿನ ಮಾತೂ ಬೇರೆ. ಇಲ್ಲಿ ಅಂತಹ ಇಕ್ಕಟ್ಟೇನೂ ಇಲ್ಲ. ಪತ್ರವನ್ನು ಅಳಿಸಿಬಿಟ್ಟರೆ ಅಪಾಯ ಮುಗಿಯಿತು. ವ್ಯರ್ಥವಾದುದರಿಂದ ವಿಮುಖರಾಗುವುದನ್ನು ಕುರ್‌ಆನ್ ಸತ್ಯವಿಶ್ವಾಸಿಗಳ ಗುಣವೆಂದು ಎಣಿಸಿದೆ. ನಮ್ಮ ಬಸವನ ಬಾಗೇವಾಡಿಯ ನೆಲದಲ್ಲಿ ಜನಿಸಿದ ಬಸವಣ್ಣನವರೂ ಹುಸಿ ನುಡಿಯದಿರುವುದನ್ನು ಅಂತರಂಗ, ಬಹಿರಂಗಗಳ ಶುದ್ಧಿಯೊಂದಿಗೆ ಜೋಡಿಸಿದರು. ಈ ವಿಷಯದಲ್ಲಿ ನೆರೆಹೊರೆಯವರಲ್ಲಿ ಭಿನ್ನಮತವಿಲ್ಲ.

ಆಟ ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೂ ಉದಾಹರಣೆಗಳಿವೆ. ಪಶ್ಚಿಮದ ಕೆಲವು ಹವ್ಯಾಸಿಗಳು ಆಫ್ರಿಕಾದ ವಂಚಕರನ್ನು ನಂಬಿಸಿ ದೂರದೂರದ ಊರುಗಳಿಗೆ ಅಲೆದಾಡಿಸಿದರು. ಅವರ ಕೈಯಲ್ಲಿ ಅವಮಾನಕರ ಫಲಕಗಳನ್ನು ಹಿಡಿಸಿ, ಆ ಚಿತ್ರಗಳನ್ನು ಬೇಟೆಯ ಪದಕಗಳಂತೆ ಪ್ರದರ್ಶಿಸಿದರು. ವಂಚನೆಯನ್ನು ತಡೆಯಲು ಹೊರಟವರು ಕೊನೆಗೆ ಮನುಷ್ಯರನ್ನು ಗೇಲಿ ಮಾಡುವ ಸುಖಕ್ಕೆ ಅಂಟಿಕೊಂಡರು.

ಆ ತುದಿಯಲ್ಲಿ ಕುಳಿತವನು ಯಾರೆಂಬುದೂ ನಮಗೆ ಕಾಣಿಸದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯು 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000 ಜನರು, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನರು ಆನ್‌ಲೈನ್ ವಂಚನೆಯ ಕೆಲಸಕ್ಕೆ ಬಲವಂತವಾಗಿ ದೂಡಲ್ಪಟ್ಟಿರಬಹುದು. ಒಳ್ಳೆಯ ಉದ್ಯೋಗದ ಆಸೆಗೆ ಹೋಗಿ ಸಿಲುಕಿಕೊಂಡ ಭಾರತೀಯ ಯುವಕರೂ ಅವರಲ್ಲಿದ್ದರು. ಮ್ಯಾನ್ಮಾರಿನಿಂದ ನೂರಾರು ಮಂದಿಯನ್ನು 2025ರ ಮಾರ್ಚ್‌ನಲ್ಲಿ ಸರಕಾರ ವಿಮಾನದಲ್ಲಿ ಮರಳಿ ಕರೆತಂದಿತು. ಡೊಮೇನ್ ಪತ್ರ ಬರೆಯುವವನೂ ಅಂತಹ ಬಂದಿಯೇ ಎಂದು ನಾವು ಹೇಳುತ್ತಿಲ್ಲ. ಅವನು ಹಣದಾಸೆಯ ಧೂರ್ತನೇ ಇರಬಹುದು. ಆದರೆ ಕಾಣದವನನ್ನು ಗೇಲಿ ಮಾಡುವಾಗ ಯಾರನ್ನು ಗೇಲಿ ಮಾಡುತ್ತಿದ್ದೇವೆಂಬುದೇ ನಮಗೆ ತಿಳಿದಿರುವುದಿಲ್ಲ.

ಹಾಗಾದರೆ ಸುಮ್ಮನಿರಬೇಕೇ? ಖಂಡಿತ ಇಲ್ಲ. ವಂಚಕನೊಂದಿಗೆ ಮೌನ, ನೆರೆಯವನೊಂದಿಗೆ ಮಾತು, ಇದು ನಮ್ಮ ಸೂತ್ರವಾಗಲಿ. ಆ ಯುವಕನ ಗೆಳೆಯರು ನಗುತ್ತಿದ್ದ ಕೆಲವೇ ವಾರಗಳ ನಂತರ ಮುದ್ದೇಬಿಹಾಳದ ಕಡೆಯ ಹಿರಿಯರೊಬ್ಬರು ಅಂತಹದೇ ಒಂದು ಪತ್ರವನ್ನು ಮುದ್ರಿಸಿಕೊಂಡು ನಮ್ಮಲ್ಲಿಗೆ ಬಂದರು. ಅವರು ಒಂದು ಸಂಸ್ಥೆಯ ಖಜಾಂಚಿ. ಸಂಸ್ಥೆಯ ಹೆಸರು ಪರರ ಪಾಲಾಗುತ್ತದೆಂದು ಎರಡು ರಾತ್ರಿ ನಿದ್ರಿಸಿರಲಿಲ್ಲ, ಹಣಕ್ಕಾಗಿ ಸಭೆ ಕರೆಯುವವರಿದ್ದರು. ಸಿಂದಗಿಯಲ್ಲಿ ಎಲ್ಲರೂ ಬಲ್ಲ ಮೋಸ ಮುದ್ದೇಬಿಹಾಳವನ್ನು ಮುಟ್ಟಿರಲಿಲ್ಲ. ಹನ್ನೊಂದು ದಿನಗಳ ಜಾಣತನದಲ್ಲಿ ಹತ್ತು ನಿಮಿಷ ಸುತ್ತಲಿನ ಸಂಸ್ಥೆಗಳನ್ನು ಎಚ್ಚರಿಸಲು ಬಳಕೆಯಾಗಿದ್ದರೆ ಸಾಕಿತ್ತು. ನಗು ಗೆಳೆಯರಲ್ಲಿ ಹಂಚಿಕೆಯಾಯಿತು, ತಿಳಿವಳಿಕೆ ಹಂಚಿಕೆಯಾಗಲಿಲ್ಲ.

ಸುದ್ದಿ ತಂದವನು ನಂಬಲರ್ಹನಲ್ಲದಿದ್ದರೆ ಅದನ್ನು ಪರಿಶೀಲಿಸಬೇಕೆಂಬ ಆದೇಶ ಸೂರಃ ಅಲ್ ಹುಜುರಾತ್‌ನಲ್ಲಿದೆ. ಅದನ್ನು ಇಲ್ಲಿ ಅನ್ವಯಿಸುವುದು ಸುಲಭ. ಪತ್ರದಲ್ಲಿರುವ ಕೊಂಡಿಯನ್ನು ಒತ್ತದೆ, ಮೊದಲು ನಿಮ್ಮ ಹೆಸರನ್ನು ನೋಂದಾಯಿಸಿಕೊಟ್ಟವರನ್ನು ನಿಮಗೆ ಮೊದಲೇ ತಿಳಿದಿರುವ ಸಂಖ್ಯೆಯಲ್ಲಿ ಸಂಪರ್ಕಿಸಿ. ನೋಂದಣಿ ಯಾವ ಸಂಸ್ಥೆಯಲ್ಲಿದೆ, ಯಾವ ದಿನಾಂಕಕ್ಕೆ ಮುಗಿಯುತ್ತದೆ, ಯಾರ ಹೆಸರಿನಲ್ಲಿದೆ ಎಂಬ ಮೂರು ಸಂಗತಿಗಳನ್ನು ಸಮಿತಿಯ ದಾಖಲೆ ಪುಸ್ತಕದಲ್ಲಿ ಬರೆದಿಡಿ. ನವೀಕರಣದ ಬಿಲ್ಲಿನಂತೆ ಕಾಣುವ ಪತ್ರಗಳ ಬಗ್ಗೆ ವಿಶೇಷ ಎಚ್ಚರವಿರಲಿ. ‘ಡೊಮೇನ್ ರಿಜಿಸ್ಟ್ರಿ ಆಫ್ ಅಮೆರಿಕ’ ಎಂಬ ಹೆಸರಿನಿಂದ ಇಂತಹ ಪತ್ರಗಳು ವರ್ಷಗಟ್ಟಲೆ ಅಂಚೆಯಲ್ಲಿ ಬಂದವು. ಬಿಲ್ಲೆಂದು ನಂಬಿ ಹಣ ಕಟ್ಟಿದವರು ತಮಗರಿವಿಲ್ಲದೆ ತಮ್ಮ ಹೆಸರನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುತ್ತಿದ್ದರು. ಅಮೆರಿಕದ ವ್ಯಾಪಾರ ಆಯೋಗವು 2003ರಲ್ಲಿಯೇ ಅದರ ಮೇಲೆ ಕ್ರಮ ಜರುಗಿಸಬೇಕಾಯಿತು.

ಹಣ ಕಳೆದುಕೊಂಡಿದ್ದರೆ ನಾಚಿ ಕೂರಬಾರದು. 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಅಥವಾ ವಿಜಯಪುರದ ಸೈಬರ್ ಅಪರಾಧ ಠಾಣೆಯಲ್ಲಿ ದೂರು ದಾಖಲಿಸಬೇಕು. ಗಣಕಯಂತ್ರದ ಮೂಲಕ ಬೇರೆಯವರ ವೇಷದಲ್ಲಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷಗಳವರೆಗಿನ ಸಜೆಗೆ ಅರ್ಹವಾದ ಅಪರಾಧ. ಮೋಸಗಾರನನ್ನು ಎದುರಿಸುವ ಕೆಲಸಕ್ಕೆ ಕಾನೂನಿದೆ, ಅಧಿಕಾರಿಗಳಿದ್ದಾರೆ.

ಸಂಸ್ಥೆಯ ಹಣ ದಾನಿಗಳ ಅಮಾನತ್. ಅದನ್ನು ಕಾಯುವ ಖಜಾಂಚಿ ಇಂಗ್ಲಿಷ್ ಪತ್ರವೊಂದಕ್ಕೆ ಬೆದರಿ ಒಂಟಿಯಾಗಿ ಕೂರುವಂತಾಗಬಾರದು. ಓದುಬಲ್ಲ ಯುವಕರೇ, ನಿಮ್ಮ ಬುದ್ಧಿ ಹರಿತವಾಗಿದೆ, ಅದು ನಮಗೆ ಹೆಮ್ಮೆ. ಮುಂದಿನ ಬಾರಿ ಅಂತಹ ಪತ್ರ ಬಂದರೆ ವಂಚಕನಿಗೆ ಉತ್ತರ ಬರೆಯಬೇಡಿ. ಶುಕ್ರವಾರದ ನಮಾಝಿನ ಬಳಿಕ ನಿಮ್ಮ ಮಸೀದಿಯ ಹಿರಿಯರ ಪಕ್ಕ ಕುಳಿತು ಅದನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿ, ಅದರಲ್ಲಿ ಮೋಸ ಎಲ್ಲಿದೆಯೆಂದು ತೋರಿಸಿ. ಸತ್ಯವನ್ನೇ ನುಡಿಯುವ, ಪರರನ್ನು ಕೇಡಿನಿಂದ ಕಾಯುವ ಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.