ಚೇಷ್ಟೆ: ಯಾರಿಗೆ ಬೆತ್ತ, ಯಾರಿಗೆ ಮಾಫಿ?

ಒಂದೇ ಶಬ್ದವನ್ನು ನಾವು ಎರಡು ತಕ್ಕಡಿಗಳಲ್ಲಿ ತೂಗುತ್ತಿದ್ದೇವೆ. ಆ ಶಬ್ದ ‘ಚೇಷ್ಟೆ’. ನಮ್ಮ ಬಾದಾಮಿ ಸೀಮೆಯ ಆಡುಮಾತಿನಲ್ಲಿ ‘ಚ್ಯಾಷ್ಟಿ’. ಏಳು ವರ್ಷದ ಬಾಲಕ ತರಗತಿಯಲ್ಲಿ ಕುಣಿದರೆ ‘ಭಾಳ ಚ್ಯಾಷ್ಟಿ ಕಲ್ತಾನ’ ಎಂದು ಕಿವಿ ಹಿಂಡುವವರೇ, ಇಪ್ಪತ್ತರ ತರುಣ ಜಾತ್ರೆಯ ನೂಕುನುಗ್ಗಲಿನಲ್ಲಿ ಹೆಣ್ಣುಮಗಳ ಸೆರಗೆಳೆದರೆ ‘ಹುಡುಗ್ರು, ಚ್ಯಾಷ್ಟಿ ಮಾಡ್ಯಾವ, ಬಿಡ್ರಿ’ ಎಂದು ಮಾಫಿ ನೀಡುತ್ತಾರೆ. ಈ ನ್ಯಾಯ ತಲೆಕೆಳಗಾದದ್ದು.

ಸಂಸ್ಕೃತದಲ್ಲಿ ಚೇಷ್ಟೆಯೆಂದರೆ ಚಲನೆ, ಪ್ರಯತ್ನ. ಗೌತಮನ ನ್ಯಾಯಸೂತ್ರವು ಶರೀರದ ಲಕ್ಷಣವನ್ನು ಹೇಳುವಾಗ ಇಂದ್ರಿಯಗಳಿಗಿಂತ ಮೊದಲು ಹೆಸರಿಸುವುದು ಚೇಷ್ಟೆಯನ್ನೇ. ಭಗವದ್ಗೀತೆಯ ಆರನೆಯ ಅಧ್ಯಾಯವು ಯೋಗಿಗೂ ಹದವರಿತ ಚೇಷ್ಟೆಯನ್ನು ವಿಧಿಸುತ್ತದೆಯೇ ಹೊರತು ಅದರ ಅಭಾವವನ್ನಲ್ಲ. ಮೂರ್ಛೆ ಹೋದವನನ್ನು ‘ನಿಶ್ಚೇಷ್ಟಿತ’ ಎನ್ನುತ್ತೇವೆ. ಕನ್ನಡಕ್ಕೆ ಬಂದ ಮೇಲೆ ಈ ಶಬ್ದ ತುಂಟತನ, ಕೀಟಲೆ, ಪರಿಹಾಸ್ಯಗಳ ಕಡೆಗೆ ವಾಲಿತು. ಬನಶಂಕರಿಯ ಗುಡಿಯ ಬಳಿ ಭಕ್ತರ ಕೈಯಿಂದ ಬಾಳೆಹಣ್ಣು ಕಸಿಯುವ ಕೋತಿಯದು ಮಂಗಚೇಷ್ಟೆ. ಬನದ ಹುಣ್ಣಿಮೆಯ ಜಾತ್ರೆಗೆ ಬೀಡುಬಿಡುವ ನಾಟಕ ಕಂಪನಿಗಳ ಹಾಸ್ಯನಟ ಊರಗೌಡನನ್ನು ಅಣಕಿಸಿದರೆ ಅದೂ ಚ್ಯಾಷ್ಟಿ. ಸೋದರಮಾವ ಅಳಿಯನನ್ನು ಕಾಡಿದರೆ ಅದೂ ಚ್ಯಾಷ್ಟಿ. ಕೇಡು ಬಗೆದು ಮಾಡಿದ್ದು ಮಾತ್ರ ಕುಚೇಷ್ಟೆ. ಭಾಷೆ ಸ್ಪಷ್ಟವಾದ ಗೆರೆಯನ್ನೇ ಎಳೆದುಕೊಟ್ಟಿತ್ತು, ಅಳಿಸಿದವರು ನಾವು.

ಕೈಕಟ್ಟಿ ಕುಳಿತ ಮಗುವನ್ನೇ ‘ಶಾಣ್ಯಾ’ ಎಂದು ಹೊಗಳುವ ಶಾಲೆ ನಿಶ್ಚೇಷ್ಟಿತರನ್ನು ಬೆಳೆಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದೇ ಕಾಯ್ದೆಯ ಅನುಸೂಚಿ ಶಾಲೆಗೆ ಆಟದ ಮೈದಾನವಿರಬೇಕೆಂದಿದೆ. ಕುಣಿಯಲು ಬಯಲು ಕೊಡದೆ, ಬೆಂಚಿನ ಮೇಲೆ ಕುಣಿದನೆಂದು ಬೆತ್ತ ಎತ್ತುವುದು ಯಾವ ಶಿಕ್ಷಣ?

‘ಇಂದಿನ ತುಂಟನೇ ನಾಳಿನ ಪುಂಡ’ ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚಿಣಿದಾಂಡು ಆಡುವ ಬಯಲಿನಲ್ಲಿ ಒಂದು ಕಟ್ಟಳೆಯಿದೆ: ಜೊತೆಗಾರ ಅತ್ತರೆ ಆಟ ನಿಲ್ಲಬೇಕು. ‘ಸಾಕು’ ಎಂಬ ಮಾತಿಗೆ ಬೆಲೆ ಕೊಡುವುದನ್ನು ಮಗು ಕಲಿಯುವುದೇ ಅಲ್ಲಿ. ಪುಂಡನಿಗೆ ತಿಳಿಯದಿರುವುದು ಈ ಕಟ್ಟಳೆಯೇ. ಅವನ ಆಟದಲ್ಲಿ ನಗುವವನು ಅವನೊಬ್ಬನೇ.

ಕಾನೂನಿಗೆ ಈ ಭೇದ ಗೊತ್ತಿದೆ. ಲೈಂಗಿಕ ಕಿರುಕುಳ ಮತ್ತು ಹೆಣ್ಣನ್ನು ಬೆನ್ನುಹತ್ತಿ ಕಾಡುವುದು 2013ರಲ್ಲಿ ಪ್ರತ್ಯೇಕ ಅಪರಾಧಗಳಾಗಿ ದಂಡಸಂಹಿತೆಗೆ ಸೇರಿದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 75 ಮತ್ತು 78ನೆಯ ಕಲಮುಗಳು. ಹೊಸ ವಿದ್ಯಾರ್ಥಿಯನ್ನು ಗೋಳುಹೊಯ್ದುಕೊಳ್ಳುವ ರ‍್ಯಾಗಿಂಗನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಗಳು ನಿಷೇಧಿಸಿವೆ. ಇವಾವುದರಲ್ಲಿಯೂ ‘ಚೇಷ್ಟೆ’ಯೆಂಬ ವಿನಾಯಿತಿಯಿಲ್ಲ. ಅದಿರುವುದು ನಮ್ಮ ಊರಕಟ್ಟೆಯ ಮೇಲೆ, ಹಿರಿಯರೆನಿಸಿಕೊಂಡವರ ನಾಲಗೆಯ ಮೇಲೆ.

ಆದುದರಿಂದ ಓದುಗ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಮಗುವಿನ ಚೇಷ್ಟೆಯನ್ನು ಚೇಷ್ಟೆಯೆಂದೇ ಕರೆದು ನಕ್ಕುಬಿಡಿ. ಪುಂಡನ ಕೃತ್ಯವನ್ನು ಅಪರಾಧವೆಂದು ಕರೆದು ಠಾಣೆಗೆ ತಿಳಿಸಿ.