ದೊಡ್ಡ ಮನಷ್ಯಾರ ಮನಿ ನಡಸಾವ್ರು ಯಾರು?

ನಮ್ಮ ಕಡೆ ಒಂದು ಮಾತು ಭಾಳ ಸಲೀಸಾಗಿ ಅಂದುಬಿಡ್ತಾರ. "ಅವ್ರು ದೊಡ್ಡ ಮನಷ್ಯಾರ್ರೀ, ಮನಿ ಮಕ್ಕಳು ಅಂತ ನೋಡ್ಲಿಕ್ಕೆ ಅವರಿಗೆ ಪುರಸೊತ್ತೆಲ್ಲಿ ಸಿಗಬೇಕು?" ಹಾಡೋರ ಬಗ್ಗೆ ಅಂತಾರ, ಬರಿಯೋರ ಬಗ್ಗೆ ಅಂತಾರ, ರಾಜಕಾರಣದವರ ಬಗ್ಗೆಯಂತೂ ಕೇಳೂದಽ ಬ್ಯಾಡ. ಅನ್ನೋರು ಬೈಲಿಕ್ಕೆ ಅನ್ನೂದಿಲ್ಲ, ಹೊಗಳ್ಲಿಕ್ಕೇ ಅಂತಾರ. ಮನಿ ಎಷ್ಟು ಮರ್ತರೆ ಮನಷ್ಯಾ ಅಷ್ಟು ದೊಡ್ಡಾಂವ ಅನ್ನೋ ಲೆಕ್ಕ. ಈ ಲೆಕ್ಕದಾಗ ಯಾವುದೋ ಒಂದು ರಕಮು ಬಿಟ್ಟುಹೋಗ್ಯದ ಅಂತ ನನಗ ಮೊದಲಿಂದನೂ ಅನಸ್ತಿತ್ತು. ಅದು ಯಾವುದು ಅಂತ ಬೆರಳಿಟ್ಟು ತೋರಸ್ಲಿಕ್ಕೆ ಬಂದದ್ದು ಲೂಯಿ ಕಾನ್ ಅನ್ನೋ ಅಮೆರಿಕಾದ ಆರ್ಕಿಟೆಕ್ಟ್ ಸಾಹೇಬ್ರ ಸಂಸಾರದ ಸಂಗತಿ ತಿಳದಮ್ಯಾಲೆ.

ಹೆಸರು ಕೇಳಿರಲಿಕ್ಕಿಲ್ಲ ನೀವು. ಆದ್ರ ಅವರು ಕಟ್ಟಿದ್ದನ್ನ ಫೋಟೊದಾಗರೆ ನೋಡಿರ್ತೀರಿ. ಅಹಮದಾಬಾದಿನ ಐಐಎಂ ಅದಲ್ಲ, ಬರೇ ಇಟ್ಟಂಗಿ ಗ್ವಾಡಿ, ಗ್ವಾಡಿ ತುಂಬ ದುಂಡನ್ನ ದೊಡ್ಡ ದೊಡ್ಡ ಕಿಂಡಿ, ಅದರ ಮುಂದ ನಿಂತ ಹುಡುಗ್ರು ಇರಿವಿ ಕಂಡಂಗ ಕಾಣ್ತಾರ, ಅದು ಅವರದು. ಢಾಕಾದಾಗ ನೀರಿನ ನಡುವ ನಿಂತಂಗ ಕಾಣೋ ಬಾಂಗ್ಲಾದೇಶದ ಪಾರ್ಲಿಮೆಂಟೂ ಅವರದು. ಹುಟ್ಟಿದ್ದು 1901ರಾಗ, ಈಗಿನ ಎಸ್ಟೋನಿಯಾದ ಕಡೆ. ಬಡವರು. ಮೂರು ವರ್ಷದ ಕೂಸಿದ್ದಾಗ ಕೆಂಡದಿಂದ ಮಾರಿ ಸುಟ್ಟು, ಆ ಕಲಿ ಸಾಯೋತನಕಾ ಉಳೀತು. ಸಣ್ಣಾಂವಿದ್ದಾಗಽ ಮನಿ ಮಂದಿ ಅಮೆರಿಕಾದ ಫಿಲಡೆಲ್ಫಿಯಾಕ್ಕ ಬಂದ್ರು. ಹೆಸರು ಬಂದದ್ದು ಮಾತ್ರ ಐವತ್ತು ದಾಟಿದಮ್ಯಾಲೆ. ಇಟ್ಟಂಗಿಗೆ ಏನಾಗಬೇಕು ಅಂತದ ಅನ್ನೂದನ್ನ ಇಟ್ಟಂಗಿನ್ನಽ ಕೇಳಬೇಕು ಅಂತ ಕಾಲೇಜಿನ ಹುಡುಗರಿಗೆ ಪಾಠ ಹೇಳ್ತಿದ್ರಂತ. ಈ ಮಾತು ಕೇಳಿ ನಮ್ಮ ಅತ್ತಿಯವರು, "ಇಟ್ಟಂಗಿ ಕೇಳಿದ್ರು ಸರಿ, ಹೆಂಡ್ತಿನ್ನ ಕೇಳಿದ್ರೇನು?" ಅಂದ್ರು. ಅದಕ್ಕಽ ಬರೋಣ.

1930ರಾಗ ಅವರ ಲಗ್ನಾ ಆತು, ಎಸ್ತರ್ ಅನ್ನೋವರ ಜೊತಿ. ಅಮೆರಿಕಾದಾಗ ಆಗ ಕೆಲಸಕ್ಕ ಬರಗಾಲ. ಕಟ್ಟಸೋರಽ ಇಲ್ಲಂದ್ರ ಆರ್ಕಿಟೆಕ್ಟ್ ಏನು ಮಾಡಬೇಕು? ಗಂಡಾ ಹೆಂಡ್ತಿ ಎಸ್ತರ್ ಅವರ ತೌರುಮನ್ಯಾಗಽ ಇದ್ರು, ಒಂದು ವರ್ಷ ಎರಡು ವರ್ಷ ಅಲ್ಲ, ಮುಂದ ಎಷ್ಟೋ ವರ್ಷ. ಎಸ್ತರ್ ವೈದ್ಯಕೀಯ ಸಂಶೋಧನೆಯ ಕೆಲಸಕ್ಕ ಹೋಗಿ ಪಗಾರ ತರ್ತಿದ್ರು, ಮನಿ ಅದರ ಮ್ಯಾಲೆ ನಡೀತಿತ್ತು. ನಮ್ಮಲ್ಲಿಯಾಗಿದ್ರ "ಮನಿ ಅಳಿಯಾ" ಅಂತ ಓಣಿ ತುಂಬ ಅನಿಸ್ಕೋಬೇಕಾಗಿತ್ತು! 1940ರಾಗ ಮಗಳು ಸೂ ಆ್ಯನ್ ಹುಟ್ಟಿದ್ಲು. ಮುಂದ ಆಕಿ ಕೊಳಲು ಬಾರಸೋದ್ರಾಗ ಹೆಸರು ಮಾಡಿದ್ಲು.

ಆಮ್ಯಾಲೆ ಆ್ಯನ್ ಟಿಂಗ್. ಇವರು ಪಾದ್ರಿಗಳ ಮನಿ ಮಗಳು, ಹುಟ್ಟಿದ್ದು ಚೀನಾದಾಗ, ಹಾರ್ವರ್ಡಿನಾಗ ಆರ್ಕಿಟೆಕ್ಚರ್ ಕಲ್ತ ಮೊದಮೊದಲಿನ ಹೆಣ್ಮಕ್ಕಳಾಗ ಒಬ್ರು. 1945ರಾಗ ಕಾನ್ ಅವರ ಆಫೀಸಿಗೆ ಬಂದ್ರು. ತ್ರಿಕೋನ, ಚೌಕೋನ, ಘನಾಕೃತಿ ಅಂತ ರೇಖಾಗಣಿತ ಅವರಿಗೆ ನೀರು ಕುಡದಂಗ. ಯೇಲ್ ವಿಶ್ವವಿದ್ಯಾಲಯದ ಕಲಾಸಂಗ್ರಹಾಲಯದ ತ್ರಿಕೋನ ತ್ರಿಕೋನದ ಚಾವಣಿ, ಟ್ರೆಂಟನ್ ಊರಿನ ಈಜುಕೊಳದ ಸ್ನಾನದ ಮನಿ, ಇವೆರಡರ ಹಿಂದನೂ ಟಿಂಗ್ ಅವರ ಕೈ ಅದ ಅಂತ ಈಗ ಎಲ್ಲಾರೂ ಬರೀತಾರ. ಈ ಎರಡು ಕಟ್ಟಡದಿಂದಽ ಕಾನ್ ಅವರಿಗೆ ಹೆಸರು ಬಂತು ಅನ್ನೂದನ್ನ ನೆನಪಿಡ್ರಿ. 1953ರಾಗ ಟಿಂಗ್ ಬಸರಿ. ಲಗ್ನಾ ಇಲ್ಲದಽ ಬಸರಿ ಅಂದ್ರ ಆ ಕಾಲದ ಅಮೆರಿಕಾದಾಗೂ ಸಣ್ಣ ಮಾತಲ್ಲ. ಮಂದಿ ಬಾಯಿಗೆ ಹೆದರಿ ರೋಮಿಗೆ ಹೋದ್ರು, 1954ರಾಗ ಅಲ್ಲೇ ಅಲೆಕ್ಸಾಂಡ್ರಾ ಹುಟ್ಟಿದ್ಲು. ಕಾನ್ ಸಾಹೇಬ್ರು ಮ್ಯಾಲಿಂದ ಮ್ಯಾಲೆ ಪತ್ರಾ ಬರದ್ರು, ಪ್ರೀತಿ ಇತ್ತು, ಇಲ್ಲಂತ ಯಾರೂ ಅನ್ನೂದಿಲ್ಲ. ಆ ಪತ್ರಗಳು 1997ರಾಗ ಪುಸ್ತಕನೂ ಆದ್ವು. ಆದ್ರ ಬಾಣಂತನ ಪತ್ರದಾಗ ಆಗೂದಿಲ್ಲ. ಕೂಸಿನ್ನ ಕಟಿಗೊಂಡು ತಿರುಗಿ ಬಂದು ಮತ್ತ ಅದಽ ಆಫೀಸಿನ್ಯಾಗ ಕೂತು ಕೆಲಸಾ ಮಾಡಿದ್ರಲ್ಲ ಆ ಹೆಣ್ಮಗಳು, ಆ ಎದಿಗಾರಿಕಿ ನೋಡ್ರಿ.

ಮೂರನೇದವರು ಹ್ಯಾರಿಯೆಟ್ ಪ್ಯಾಟಿಸನ್. ಕಟ್ಟಡದ ಸುತ್ತಲಿನ ಗಿಡಾ, ನೆಲಾ, ನೀರಿನ ವಿನ್ಯಾಸ ಮಾಡೋ ಕೆಲಸ ಅವರದು. ಟೆಕ್ಸಸ್‌ದಾಗ ಕಾನ್ ಕಟ್ಟಿದ ಕಿಂಬೆಲ್ ಕಲಾಸಂಗ್ರಹಾಲಯ ಅದ, ಅದರ ಅಂಗಳದ ಕೆಲಸದಾಗ ಇವರಿದ್ರು. ಇವರ ಮಗ ನ್ಯಾಥನಿಯಲ್, ಹುಟ್ಟಿದ್ದು 1962ರಾಗ. ಮಗನ ನೆನಪು ಅಂದ್ರ, ಅಪ್ಪ ರಾತ್ರಿ ಯಾವಾಗರೆ ಬರಾಂವ. ಅಂವ ಬರ್ತಾನಂದ್ರ ಅವ್ವ ಅಡಗಿ ಮಾಡಿ ಹಾದಿ ನೋಡಾಕಿ. ಊಟಾ ಆದಮ್ಯಾಲೆ ಅವ್ವನಽ ಗಾಡಿ ತಗದು, ನಿದ್ದಿಗಣ್ಣಿನ ಹುಡುಗನ್ನ ಹಿಂದ ಕೂಡಿಸಿಕೊಂಡು, ಅಪ್ಪನ್ನ ಅವನ ಹೆಂಡ್ತಿ ಮನಿಗೆ ಮುಟ್ಟಿಸಿ ಬರಾಕಿ. ಓದಿಕೊಂತ ಹೋಗಾಗ ಇಲ್ಲೆ ನಾನು ನಿಂತುಬಿಟ್ಟೆ. ಆ ಹೆಣ್ಮಗಳು ಖಾಲಿ ಸೀಟು ಬಾಜೂ ಇಟಗೊಂಡು ತಿರುಗಿ ಬರಾಗ ಏನು ವಿಚಾರ ಮಾಡ್ತಿದ್ದಿರಬಹುದು!

ಅತ್ತಿಯವರು ಇಲ್ಲೆ ಅಡ್ಡ ಬಾಯಿ ಹಾಕಿದ್ರು. "ಹೆಂಡ್ತಿ ಇದ್ದಾಳ ಅಂತ ಗೊತ್ತಿದ್ದೂ ಹೋದ್ರಲ್ಲ, ಗೊತ್ತಿದ್ದೂ ಬಾವ್ಯಾಗ ಬಿದ್ದೋರಿಗೆ ಯಾರೇನು ಮಾಡಬೇಕು?" ಆ ಮಾತು ಪೂರ್ತಾ ಸುಳ್ಳಲ್ಲ. ಎಸ್ತರ್ ಅವರ ಕಡಿಯಿಂದ ನೋಡಿದ್ರ ಈ ಇಬ್ಬರ ಮ್ಯಾಲೂ ಸಿಟ್ಟು ಬರೂದಽ ಸೈ. ಆದ್ರ ಒಂದು ಮಾತದ ನೋಡ್ರಿ, ಬೈಗಳ ಹಂಚೋವಾಗ ನಾವು ಮೊದಲ ಹೆಣ್ಮಕ್ಕಳ ತಾಟಿಗೆ ಬಡಸ್ತೀವಿ, ಗಂಡಸಿಗೆ ಬರೋದ್ರಾಗ ಪಾತ್ರಿ ತಳಾ ಕಂಡಿರ್ತದ. ಅಲ್ಲದಽ ಮಕ್ಕಳು? ಅವಕ್ಕ ಯಾವ ಬಾವಿ ಅಂತ ಯಾರು ಕೇಳಿದ್ರು?

1974ರ ಮಾರ್ಚ್ 17ಕ್ಕ ಅಹಮದಾಬಾದಿನ ಕೆಲಸಾ ನೋಡಿಕೊಂಡು ಊರಿಗೆ ತಿರುಗಿ ಹೊಂಟ ಕಾನ್, ನ್ಯೂಯಾರ್ಕಿನ ಪೆನ್ ಸ್ಟೇಶನ್ನಿನ ಪಾಯಖಾನಿಯೊಳಗ ಎದಿ ಒಡದು ತೀರಿಕೊಂಡ್ರು. ವಯಸ್ಸು 73. ಪಾಸಪೋರ್ಟಿನ್ಯಾಗ ಮನಿ ವಿಳಾಸಾ ಹೊಡದು ಹಾಕಿತ್ತಂತ. ಪೊಲೀಸರು ಆಫೀಸಿಗೆ ಸುದ್ದಿ ಮುಟ್ಟಸ್ಲಿಕ್ಕೆ ನೋಡಿದ್ರು, ಐತವಾರ ಅಂತ ಆಫೀಸು ಮುಚ್ಚಿತ್ತು. ಒಂದೆರಡು ದಿವಸ ಹೆಣಾ ವಾರಸುದಾರರಿಲ್ಲದಽ ಶವಾಗಾರದಾಗ ಬಿದ್ದಿತ್ತು. ಮೂರು ಮನ್ಯಾಗ ಕಾಯೋರಿದ್ದ ಮನಷ್ಯಾಗ ವಾರಸುದಾರರಿಲ್ಲ! ವಿಳಾಸಾ ಹೊಡದದ್ದು ತಮ್ಮಲ್ಲಿ ಬಂದು ಇರಲಿಕ್ಕೆ ಅಂತ ಹ್ಯಾರಿಯೆಟ್ ಮುಂದ ಎಷ್ಟೋ ವರ್ಷ ನಂಬಿದ್ರು. ಪತ್ರಿಕಿಯವರು ಹೆಂಡ್ತಿ ಒಬ್ಬಾಕಿ, ಮಗಳು ಒಬ್ಬಾಕಿ ಉಳದಾರ ಅಂತ ಬರದ್ರು. ಹನ್ನೊಂದು ವರ್ಷದ ನ್ಯಾಥನಿಯಲ್ ಹೆಸರು ಅದರಾಗ ಇರಲಿಲ್ಲ, ಅಲೆಕ್ಸಾಂಡ್ರಾಂದೂ ಇರಲಿಲ್ಲ. ಮೂರೂ ಸಂಸಾರ ಒಂದು ಕಡೆ ಕೂಡಿದ್ದು ಅಂತ್ಯಸಂಸ್ಕಾರದಾಗ.

ಆ ಹುಡುಗ ದೊಡ್ಡಾಂವಾಗಿ, ಅಪ್ಪ ಯಾರು ಅಂತ ಹುಡುಕಿಕೋತ ಹೋಗಿ ಒಂದು ಸಾಕ್ಷ್ಯಚಿತ್ರ ತಗದ. 'ಮೈ ಆರ್ಕಿಟೆಕ್ಟ್' ಅಂತ, 2003ರಾಗ ಬಂತು, ಆಸ್ಕರಿಗೂ ಹೆಸರು ಹೋಗಿತ್ತು. ಅದರಾಗ ಅಂವ ಢಾಕಾಕ್ಕ ಹೋಗ್ತಾನ. ಶಂಸುಲ್ ವಾರೆಸ್ ಅನ್ನೋ ಅಲ್ಲಿಯ ಆರ್ಕಿಟೆಕ್ಟ್ ಒಬ್ಬರು ಆ ಪಾರ್ಲಿಮೆಂಟಿನೊಳಗ ನಿಂತು, ಕಣ್ಣಾಗ ನೀರು ತಂದು, ನಿಮ್ಮಪ್ಪ ನಮ್ಮಂಥಾ ಬಡ ದೇಶಕ್ಕ ಇಂಥಾದ್ದು ಕೊಟ್ರು ಅಂತಾರ. ಎಲ್ಲಾರನ್ನೂ ಪ್ರೀತಿ ಮಾಡೋ ದೊಡ್ಡ ಮನಷ್ಯಾರಿಗೆ ಹತ್ತಿರದವರು ಕಾಣದಽ ಹೋಗ್ತಾರ, ಅಂಥವರ ಎತ್ತರಕ್ಕ ಅದು ಆಗೂದಽ ಹಂಗ, ನೀವು ಅದನ್ನ ತಿಳ್ಕೋಬೇಕು ಅನ್ನೋ ಅರ್ಥದಾಗ ಮಗನಿಗೆ ಸಮಾಧಾನ ಹೇಳ್ತಾರ. ನೋಡಿದೋರ ಕಣ್ಣೂ ಒದ್ದಿ ಆಗ್ತಾವ. ನನ್ನವೂ ಆದ್ವು. ಕಣ್ಣು ಒರಸಿಕೊಂಡಮ್ಯಾಲೆ ಸಿಟ್ಟು ಬಂತು.

ಯಾಕಂದ್ರ ಇದು ನಮ್ಮ ಕಡಿ ಮಾತಽ, ಇಂಗ್ಲಿಷ್ ಅಂಗಿ ಹಾಕ್ಕೊಂಡು ಬಂದದ. ಜಗತ್ತಿಗೆ ಕೊಟ್ರು, ಅದಕ್ಕ ಮನಿಗೆ ಕೊಡೂದಾಗಲಿಲ್ಲ ಅಂತ. ಕೊಟ್ಟದ್ದೇನೋ ಖರೇ. ತಂದದ್ದು ಎಲ್ಲಿಂದ? ಕೆಲಸ ಇಲ್ಲದಾಗ ಹೊಟ್ಟಿಗೆ ಹಾಕಿದ್ದು ಎಸ್ತರ್ ಅವರ ಪಗಾರ, ಇರಲಿಕ್ಕೆ ಕೊಟ್ಟದ್ದು ಎಸ್ತರ್ ಅವರ ತಂದಿತಾಯಿ. ಹೆಸರು ತಂದ ಕಟ್ಟಡದೊಳಗ ಟಿಂಗ್ ಅವರ ತಲಿ. ಕಿಂಬೆಲ್ ಅಂಗಳದಾಗ ಪ್ಯಾಟಿಸನ್ ಅವರ ಕೈ. ಮೂರು ಮಕ್ಕಳನ್ನ ಬೆಳಸಿ ಸಾಲಿಗೆ ಕಳಿಸಿದ್ದಂತೂ ತಾಯಂದ್ರಽ. ಸಾಹೇಬ್ರು ತೀರಿಕೊಂಡಾಗ ಆಫೀಸಿನ ಮ್ಯಾಲೆ ಸುಮಾರು 5 ಲಕ್ಷ ಡಾಲರ್ ಸಾಲ ಇತ್ತು. ಅವರ ನಕಾಶೆಗಳನ್ನ ಮುಂದ ಪೆನ್ಸಿಲ್ವೇನಿಯಾ ರಾಜ್ಯ ಕೊಂಡು ಇಟಗೊಂತು, ಅವು ಈಗ ಅಲ್ಲಿಯ ವಿಶ್ವವಿದ್ಯಾಲಯದಾಗ ಅವ. ಮನಿಯಿಂದ ತಗೊಂಡು ಊರಿಗೆ ಹಂಚಿದವರನ್ನ ಊರು ದಾನಿ ಅಂತು. ನಾನು ಬಿಟ್ಟುಹೋಗ್ಯದ ಅಂದ ರಕಮು ಇದಽ.

ಅವರು ಕೆಟ್ಟ ಮನಷ್ಯಾರೇನಲ್ಲ, ಅದೂ ಹೇಳಬೇಕು. ಮಗನ ಜೊತಿ ಕೂತು ಹುಚ್ಚುಚ್ಚಾರ ಹಡಗಿನ ಚಿತ್ರಾ ಬರದು ಒಂದು ಪುಸ್ತಕನಽ ಮಾಡಿಕೊಟ್ಟಿದ್ರು. ಆ ಪುಸ್ತಕಾ ಹುಡುಗ ದೊಡ್ಡಾಂವಾದ್ರೂ ಇಟಗೊಂಡಿದ್ದ. ಬಂದ ದಿವಸ ಪೂರ್ತಾ ಬಂದಿರ್ತಿದ್ರು ಅಂತ ಕಾಣಸ್ತದ. ಆದ್ರ ಮಕ್ಕಳಿಗೆ ಹಬ್ಬದ ಊಟದಕಿಂತ ದಿನಾ ಮುಂಜಾನೆ ಚಾ ಕುಡಿಯೋವಾಗ ಎದುರಿಗೆ ಕೂತಿರೋ ಅಪ್ಪ ಬೇಕಾಗಿರ್ತಾನ. ಜಡ್ಡು ಬಂದಾಗ, ಸಾಲಿ ಒಳಗ ಮಾರ್ಕು ಕಡಿಮಿ ಬಿದ್ದಾಗ, ಸುಮ್ಮ ಸುಮ್ಮನಽ ಜಗಳಾ ತಗದಾಗ. ಅದು ಬರೇ ಪ್ರೀತಿ ಕೆಲಸಲ್ಲ, ಹಾಜರಿ ಕೆಲಸ.

ದೊಡ್ಡ ಕೆಲಸಾ ಮಾಡೋರಿಗೆ ಇದು ಆಗೂದಽ ಇಲ್ಲ ಅನ್ನೋರಿಗೆ ದೂರ ಹೋಗಿ ಉದಾಹರಣಿ ತರೂದು ಬ್ಯಾಡ. ಅಹಮದಾಬಾದಿನ ಅದಽ ಐಐಎಂ ಕೆಲಸದಾಗ ಕಾನ್ ಅವರ ಜೊತಿಗಿದ್ದವರು ಬಾಲಕೃಷ್ಣ ದೋಶಿಯವರು. ಕಾನ್ ಅವರನ್ನ ಅಲ್ಲಿಗೆ ಕರಸಿದ್ದೇ ಇವರು. ಅದಽ ಇಟ್ಟಂಗಿ, ಅದಽ ಬಿಸಲು. ದೋಶಿಯವರು ಆ ಹೊತ್ತಿನ್ಯಾಗಽ, 1963ರಾಗ, ತಮಗೂ ಒಂದು ಮನಿ ಕಟಿಗೊಂಡ್ರು, ಅದಕ್ಕ ಹೆಂಡ್ತಿ ಹೆಸರಿಟ್ಟು 'ಕಮಲಾ' ಅಂದ್ರು. ಮೂರು ಹೆಣ್ಮಕ್ಕಳು. ಮೊಮ್ಮಗಳು ಅಜ್ಜನ ಕೆಲಸಾನಽ ಹಿಡದು ಆರ್ಕಿಟೆಕ್ಟ್ ಆದ್ಲು. 2018ರಾಗ ದೋಶಿಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಭಾರತದವರಿಗೆ ಬಂದ ಮೊದಲನೇದು. ಆ ಕಡೆ ತಿರುವನಂತಪುರದಾಗ ಲಾರಿ ಬೇಕರ್ ಇದ್ರು. ಡಾಕ್ಟರಿದ್ದ ಹೆಂಡ್ತಿ ಎಲಿಜಬೆತ್ ಅವರ ಜೊತಿ ಹಿಮಾಲಯದ ಪಿಥೋರಾಗಡದಾಗ ವರ್ಷಗಟ್ಟಲೆ ಆಸ್ಪತ್ರಿ ನಡಸಿಕೋತ ಇದ್ದು, ಆಮ್ಯಾಲೆ ಗುಡ್ಡದ ಇಳಿಜಾರಿನ್ಯಾಗ ತಮ್ಮ ಮನಿ ತಾವಽ ಕಟಿಗೊಂಡು ಸಂಸಾರಾ ಮಾಡಿದವರು. ಅವರೇನು ಸಣ್ಣ ಆರ್ಕಿಟೆಕ್ಟೇ? ಹಿಂಗಾಗಿ ಎತ್ತರದ ಮಾತು ನನಗ ಒಪ್ಪಿಗಿ ಆಗೂದಿಲ್ಲ. ಒಬ್ಬೊಬ್ಬರದು ಒಂದೊಂದು ನಡತಿ, ಅಷ್ಟಽ. ನಡತಿಗೆ ಪ್ರತಿಭಾ ಅಂತ ಹೆಸರಿಡಬಾರದು.

ಮಕ್ಕಳು ಮಾತ್ರ ನಮ್ಮಕಿಂತ ಶಾಣ್ಯಾರು. ಆ ಚಿತ್ರದಾಗ ಮೂವರೂ ಒಂದು ಕಡೆ ಕೂಡ್ತಾರ. ಎಲ್ಲೆ ಅಂದ್ರ, ಅಪ್ಪ ಬ್ಯಾರೆ ಯಾರದೋ ಸಂಸಾರಕ್ಕ ಚಂದಂಗ ಕಟ್ಟಿಕೊಟ್ಟ ಒಂದು ಮನ್ಯಾಗ! ನಾವು ಒಂದು ಕುಟುಂಬ ಹೌದೋ ಅಲ್ಲೋ ಅಂತ ಒಬ್ಬರಿಗೊಬ್ಬರು ಕೇಳಿಕೋತಾರ. ಅಪ್ಪ ಒಬ್ಬನಽ ಅಂತಲ್ಲ, ನಾವು ಒಬ್ಬರಿಗೊಬ್ಬರು ಬೇಕು ಅಂದ್ರ ಕುಟುಂಬ ಅನ್ನೋಕಡೆ ಮಾತು ಹೋಗ್ತದ. ಅಲೆಕ್ಸಾಂಡ್ರಾ ಚಿತ್ರಾ ಬರಿಯೋದ್ರಾಗ ಹೆಸರು ಮಾಡ್ಯಾಳ, ಅಪ್ಪನ ವಿಚಾರಗಳ ಮ್ಯಾಲೆ ಪುಸ್ತಕನೂ ಬರದಾಳ. ಅಪ್ಪನ ಹೆಸರಿಟಗೊಳ್ಳಲಿಲ್ಲ, ಅವ್ವನ ಹೆಸರಽ ಇಟಗೊಂಡಾಳ, ಟಿಂಗ್ ಅಂತ.

2020ರ ಡಿಸೆಂಬರಿನ್ಯಾಗ ಐಐಎಂನವರು ಕಾನ್ ಕಟ್ಟಿದ 18 ವಸತಿಗೃಹದಾಗ 14 ಕೆಡವಿ ಹೊಸಾವು ಕಟ್ಟತೀವಿ ಅಂದಾಗ ಜಗತ್ತಿನ ತುಂಬ ಗದ್ದಲ ಎದ್ದಿತ್ತು. ಹೊಸಾ ವರ್ಷದ ಮೊದಲನೇ ದಿವಸಽ ಆ ವಿಚಾರಾ ಹಿಂದ ತಗೊಂಡ್ರು. ಮುಂದ 2022ರಾಗ ಕೆಲವು ಕಟ್ಟಡ ಹೊಸದಾಗಿ ಕಟ್ಟೋ ಮಾತು ಮತ್ತ ಬಂತು, ಅದು ಬ್ಯಾರೆ ಕಥಿ. ಆ ಡಿಸೆಂಬರಿನ್ಯಾಗ, ಕೆಡವಬ್ಯಾಡ್ರಿ ಅಂತ ಕಾನ್ ಮಕ್ಕಳದೂ ಒಂದು ಪತ್ರಾ ಬಂದಿತ್ತು. ಅಪ್ಪ ತಮ್ಮ ಕೂಡ ಕಳಿಯದಽ ಇದ್ದ ದಿವಸ ಎಷ್ಟೋ ಆ ಇಟ್ಟಂಗಿಯೊಳಗ ಹೋಗಿದ್ವು. ಅವನ್ನ ಉಳಸ್ರಿ ಅಂತ ಕೇಳಿದವರೂ ಅವರಽ. ಸೂ ಆ್ಯನ್ ಕಾನ್, ಅಲೆಕ್ಸಾಂಡ್ರಾ ಟಿಂಗ್, ನ್ಯಾಥನಿಯಲ್ ಕಾನ್, ಅಕ್ಕಂದಿರಿಬ್ಬರು ತಮ್ಮ ಒಬ್ಬ, ಮೂವರ ಹೆಸರೂ ಒಂದಽ ಪತ್ರದಾಗ. 1974ರಾಗ ಪತ್ರಿಕಿಯವರಿಗೆ ಇವರೊಳಗ ಒಬ್ಬಾಕಿನಽ ಕಂಡಿದ್ಲು.